ಮಗುವಿನ ಚಿಕಿತ್ಸೆ: ಬೆಲೆಯೆಷ್ಟು, ಗುಣವೆಷ್ಟು?

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರ ಹೋಬಳಿಯ ಒಂದು ಹಳ್ಳಿಯಲ್ಲಿ ಎರಡು ವರ್ಷದ ಮಗುವೊಂದಕ್ಕೆ ಕೆಮ್ಮು, ಜ್ವರ ಬಂದಿದೆಯೆಂದು ಭಾವಿಸೋಣ. ಮೂರನೆಯ ದಿನ ಮಗು ಏದುಸಿರು ಬಿಡುತ್ತಿದೆ. ಉಸಿರೆಳೆದಾಗಲೆಲ್ಲ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದೆ. ರೇಷ್ಮೆಹುಳುಗಳಿಗೆ ಸೊಪ್ಪು ಹಾಕುವ ಕೆಲಸವನ್ನು ನೆರೆಯವರಿಗೆ ಒಪ್ಪಿಸಿ ತಂದೆತಾಯಿಗಳು ಮಗುವನ್ನೆತ್ತಿಕೊಂಡು ಹೊರಡುತ್ತಾರೆ. ಎಲ್ಲಿಗೆ? ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೋ, ಮಾಗಡಿಯ ತಾಲ್ಲೂಕು ಆಸ್ಪತ್ರೆಗೋ, ಅಲ್ಲಿಂದ ಸುಮಾರು 50 ಕಿಲೋಮೀಟರು ದೂರದ ಬೆಂಗಳೂರಿಗೋ? ಚಿಕಿತ್ಸೆ ಎಲ್ಲಿ ಚೆನ್ನಾಗಿದೆ, ಖರ್ಚು ಎಷ್ಟಾದೀತು ಎಂಬ ಎರಡು ಪ್ರಶ್ನೆಗಳು ಇಲ್ಲಿ ಹೆಣೆದುಕೊಂಡಿವೆ. ಅವರು ಕ್ಷಣಮಾತ್ರದಲ್ಲಿ ನಿರ್ಧರಿಸಬೇಕಾದ ಈ ವಿಷಯವನ್ನು ಅಳೆಯುವುದೇ ಸಂಶೋಧಕರಿಗೆ ವರ್ಷಗಟ್ಟಲೆಯ ಕೆಲಸವಾಗಿದೆ.

ಖರ್ಚಿನ ಲೆಕ್ಕ ಸುಲಭವೆಂದು ತೋರುತ್ತದೆ. ಆದರೆ ಆಸ್ಪತ್ರೆಯವರು ಕೊಡುವ ರಸೀತಿ ಅದರ ಒಂದು ಭಾಗ ಮಾತ್ರ. ಬಸ್ಸಿನ ಅಥವಾ ಬಾಡಿಗೆ ಕಾರಿನ ಹಣ, ಜೊತೆಯಲ್ಲಿರುವವರ ಊಟ, ತಂದೆ ಕಳೆದುಕೊಂಡ ಕೂಲಿ, ಕೈತಪ್ಪಿದ ರೇಷ್ಮೆಯ ಬೆಳೆ, ಸಾಲದ ಬಡ್ಡಿ ಇವೆಲ್ಲವೂ ಲೆಕ್ಕಕ್ಕೆ ಸೇರಬೇಕು. 2017-18ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ, ಭಾರತದ ಗ್ರಾಮವಾಸಿಗಳು ಒಮ್ಮೆ ಆಸ್ಪತ್ರೆ ಸೇರಿದಾಗ (ಹೆರಿಗೆಯನ್ನು ಬಿಟ್ಟು) ಸರ್ಕಾರಿ ಆಸ್ಪತ್ರೆಯಲ್ಲಿ ಸರಾಸರಿ 4,290 ರೂಪಾಯಿಯನ್ನೂ ಖಾಸಗಿ ಆಸ್ಪತ್ರೆಯಲ್ಲಿ 27,347 ರೂಪಾಯಿಯನ್ನೂ ವೈದ್ಯಕೀಯ ವೆಚ್ಚವಾಗಿ ತೆತ್ತರು. ಇದು ಎಲ್ಲ ವಯಸ್ಸಿನವರ ಸರಾಸರಿ. ಹಾಗಾದರೆ ಆರು ಪಟ್ಟು ಹಣಕ್ಕೆ ಆರು ಪಟ್ಟು ಗುಣ ದೊರೆಯಿತೇ?

ಗುಣವನ್ನು ಅಳೆಯುವ ಬಗೆಯನ್ನು 1966ರಲ್ಲಿ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು ಸ್ಪಷ್ಟಪಡಿಸಿದರು. ಆಸ್ಪತ್ರೆಯಲ್ಲಿ ಏನೇನಿದೆ, ಅಲ್ಲಿ ಏನು ಮಾಡುತ್ತಾರೆ, ಕೊನೆಗೆ ರೋಗಿಗೆ ಏನಾಯಿತು ಎಂಬ ಮೂರನ್ನೂ ಬೇರೆಬೇರೆಯಾಗಿ ನೋಡಬೇಕೆಂಬುದು ಅವರ ಅಭಿಪ್ರಾಯ. ನಮ್ಮ ಕಣ್ಣಿಗೆ ಮೊದಲು ಬೀಳುವುದು ಕಟ್ಟಡ ಮತ್ತು ಯಂತ್ರಗಳು. ಆದರೆ ನ್ಯುಮೋನಿಯ ಇರಬಹುದಾದ ಮಗುವಿನ ವಿಷಯದಲ್ಲಿ ಅತಿ ಮುಖ್ಯವಾದ ಪರೀಕ್ಷೆಗೆ ಬೇಕಾದುದು ಒಂದು ಗಡಿಯಾರ! ಅಳದೆ ಶಾಂತವಾಗಿರುವ ಮಗುವಿನ ಉಸಿರನ್ನು ಒಂದು ನಿಮಿಷ ಪೂರ್ತಿ ಎಣಿಸಬೇಕು. ಒಂದರಿಂದ ಐದು ವರ್ಷದ ಮಗುವಿನಲ್ಲಿ ಅದು 40 ಅಥವಾ ಹೆಚ್ಚಾಗಿದ್ದರೆ, ಎರಡು ತಿಂಗಳಿಂದ ಒಂದು ವರ್ಷದೊಳಗಿನ ಶಿಶುವಿನಲ್ಲಿ 50 ಅಥವಾ ಹೆಚ್ಚಾಗಿದ್ದರೆ ಅದು ವೇಗದ ಉಸಿರಾಟ. ಬೆರಳಿಗೆ ತಗುಲಿಸುವ ಸಣ್ಣ ಉಪಕರಣವು ರಕ್ತದ ಆಮ್ಲಜನಕ ಶೇಕಡ 90ಕ್ಕಿಂತ ಕಡಿಮೆಯೆಂದು ತೋರಿಸಿದರೆ ಕೂಡಲೆ ಆಮ್ಲಜನಕ ಕೊಡಬೇಕು. ಇಷ್ಟನ್ನು ತಪ್ಪದೆ ಮಾಡುವ ಚಿಕ್ಕ ಆಸ್ಪತ್ರೆಯು, ಎಣಿಸಲು ಪುರುಸೊತ್ತಿಲ್ಲದ ಭವ್ಯ ಆಸ್ಪತ್ರೆಗಿಂತ ಆ ಹೊತ್ತಿಗೆ ಉತ್ತಮವೆಂದೇ ಹೇಳಬೇಕು.

ಎಷ್ಟು ಮಕ್ಕಳು ಬದುಕಿದರು ಎಂಬುದನ್ನೇ ನೇರವಾಗಿ ನೋಡಬಾರದೇಕೆ ಎಂದು ವಾಚಕರು ಕೇಳಬಹುದು. ಇಲ್ಲೊಂದು ಮೋಸವಿದೆ. ಕೇವಲ ಉದಾಹರಣೆಗಾಗಿ ಎರಡು ಆಸ್ಪತ್ರೆಗಳನ್ನು ಕಲ್ಪಿಸಿಕೊಳ್ಳಿ. ಎರಡಕ್ಕೂ ತಲಾ 1,000 ಮಕ್ಕಳು ಬಂದರು. ಚಿಕ್ಕ ಆಸ್ಪತ್ರೆಗೆ ಬಂದವರಲ್ಲಿ 900 ಮಕ್ಕಳ ಕಾಯಿಲೆ ಸೌಮ್ಯ, 100 ಮಕ್ಕಳದು ತೀವ್ರ. ಮೊದಲಿನವರಲ್ಲಿ 9, ಎರಡನೆಯವರಲ್ಲಿ 20, ಒಟ್ಟು 29 ಮಕ್ಕಳು ತೀರಿಕೊಂಡರು. ದೊಡ್ಡ ಆಸ್ಪತ್ರೆಗೆ ಬಂದವರಲ್ಲಿ ಸೌಮ್ಯ 200, ತೀವ್ರ 800. ತೀರಿಕೊಂಡವರು ಕ್ರಮವಾಗಿ 1 ಮತ್ತು 80, ಒಟ್ಟು 81. ಮೇಲ್ನೋಟಕ್ಕೆ ದೊಡ್ಡ ಆಸ್ಪತ್ರೆ ಹೆಚ್ಚುಕಡಿಮೆ ಮೂರು ಪಟ್ಟು ಅಪಾಯಕರ! ಆದರೆ ಭಾಗಿಸಿ ನೋಡಿ: ಸೌಮ್ಯ ಕಾಯಿಲೆಯಲ್ಲಿ ಅಲ್ಲಿನ ಮರಣ ಶೇಕಡ ಅರ್ಧ, ಚಿಕ್ಕದರಲ್ಲಿ ಶೇಕಡ 1, ತೀವ್ರ ಕಾಯಿಲೆಯಲ್ಲಿ ಅಲ್ಲಿ 10, ಇಲ್ಲಿ 20. ಎರಡು ಗುಂಪಿನಲ್ಲೂ ದೊಡ್ಡದೇ ಮೇಲು. ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆ ಅಥವಾ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆಗೆ ಬೇರೆ ಊರುಗಳಿಂದ ಕಳುಹಿಸಲ್ಪಡುವುದು ಕಷ್ಟದ ಸ್ಥಿತಿಯ ಮಕ್ಕಳನ್ನೇ ಅಷ್ಟೆ. ಅವುಗಳ ಮರಣಸಂಖ್ಯೆಯನ್ನು ಮಾತ್ರ ಓದಿ ತೀರ್ಪು ಕೊಡುವುದು ಅನ್ಯಾಯ.

ಸರಿಸಮಾನವಾದ ಹೋಲಿಕೆ ದೊರೆಯುವುದು ಅಪರೂಪ. ಅಂಥದೊಂದು ಅವಕಾಶ ನಮ್ಮ ರಾಜ್ಯದಲ್ಲೇ ಒದಗಿತು. ಬಡತನದ ರೇಖೆಯ ಕೆಳಗಿನವರಿಗೆ ದೊಡ್ಡ ಕಾಯಿಲೆಗಳ ಚಿಕಿತ್ಸೆಯನ್ನು ಹಣವಿಲ್ಲದೆ ಕೊಡಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಉತ್ತರ ಭಾಗದಲ್ಲಿ ಮಾತ್ರ ಜಾರಿಗೆ ಬಂದಿತು. ಹೃದಯರೋಗ, ಕ್ಯಾನ್ಸರುಗಳ ಜೊತೆಗೆ ನವಜಾತ ಶಿಶುಗಳ ಚಿಕಿತ್ಸೆಯೂ ಅದರಲ್ಲಿತ್ತು. ನೀರಜ್ ಸೂದ್ ಮತ್ತು ಸಂಗಡಿಗರು ಯೋಜನೆಯಿದ್ದ 300 ಹಳ್ಳಿಗಳನ್ನೂ, ಗಡಿಯಾಚೆಯ ಅಂಥವೇ 272 ಹಳ್ಳಿಗಳನ್ನೂ ಹೋಲಿಸಿದರು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಯೋಜನೆಯಿಂದ ಗುಣವಾಗಬಹುದಾದ ಕಾಯಿಲೆಗಳ ಮರಣ ಯೋಜನೆಯಿದ್ದ ಬಡಕುಟುಂಬಗಳಲ್ಲಿ ಶೇಕಡ 64ರಷ್ಟು ಕಡಿಮೆ, ಆಸ್ಪತ್ರೆಗಾಗಿ ಕೈಯಿಂದ ತೆತ್ತ ಹಣ ಶೇಕಡ 34ರಷ್ಟು ಕಡಿಮೆ. ಯೋಜನೆಗೆ ಸೇರದ ಸ್ಥಿತಿವಂತರಲ್ಲಿ ಗಡಿಯ ಈಚೆಗೂ ಆಚೆಗೂ ಮರಣದಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ಇದರಿಂದಲೇ ಫಲ ಯೋಜನೆಯದೆಂದು ನಂಬಲು ಬಲ ಬಂದಿತು. 2018ರಲ್ಲಿ ಇಂಥ ಯೋಜನೆಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಒಂದುಗೂಡಿದವು.

ಆದರೂ ಈ ಅಂಕಿಗಳನ್ನು ತಿಪ್ಪಸಂದ್ರದ ನಮ್ಮ ಮಗುವಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ಅವು ಎಲ್ಲ ವಯಸ್ಸಿನವರಿಗೆ ಸೇರಿದವು. ಬಹುಪಾಲು ಹೃದಯರೋಗ, ಕ್ಯಾನ್ಸರುಗಳವು. ನ್ಯುಮೋನಿಯಕ್ಕೆ ಬೇಕಾದ ಆಮ್ಲಜನಕ ದೊಡ್ಡ ಆಸ್ಪತ್ರೆಗಿಂತ ಮೊದಲು ಹತ್ತಿರದಲ್ಲಿರಬೇಕು. ಆದರೆ ಆ ಸಂಶೋಧಕರ ಒಂದು ಕ್ರಮವನ್ನು ಮಕ್ಕಳ ವಿಷಯದಲ್ಲೂ ಅನುಸರಿಸಲೇಬೇಕು. ಅವರು ಲೆಕ್ಕ ಆರಂಭಿಸಿದ್ದು ಆಸ್ಪತ್ರೆಯ ದಾಖಲೆಗಳಿಂದಲ್ಲ, ಮನೆಮನೆಯಿಂದ. ಬಸ್ಸಿಗೆ ಕಾಯುತ್ತಲೋ ಬೆಂಗಳೂರಿನ ದಾರಿಯಲ್ಲೋ ತೀರಿಕೊಂಡ ಮಗುವಿನ ಹೆಸರು ಯಾವ ಆಸ್ಪತ್ರೆಯ ಪುಸ್ತಕದಲ್ಲೂ ಇರುವುದಿಲ್ಲ. ಖರ್ಚಿಗೆ ಹೆದರಿ ಹೊರಡದೆ ಉಳಿದವರದೂ ಇರುವುದಿಲ್ಲ.