ನೋಂದಣಿ ಇದ್ದರೆ ಸಾಕೇ?

ಹೊಸ ಟ್ರಸ್ಟ್ ಒಂದರ ಬಗ್ಗೆ ವಿಕಿಪೀಡಿಯದಲ್ಲಿ ಲೇಖನ ಬರೆಯಬಹುದೇ ಎಂಬುದು ಓದುಗರೊಬ್ಬರ ಪ್ರಶ್ನೆ. ನೋಂದಣಿ ಸಂಖ್ಯೆ, ಮೂರು ಪತ್ರಿಕಾ ತುಣುಕು ಅವರ ಕೈಯಲ್ಲಿವೆ.

ನೋಂದಣಿಯಿಂದ ಸಂಸ್ಥೆ ಇದೆಯೆಂದಷ್ಟೇ ಗೊತ್ತಾಗುತ್ತದೆ. ಅದನ್ನು ನೀತಿ ಆಯೋಗದ ದರ್ಪಣ್ ಪೋರ್ಟಲಿನಲ್ಲೂ ಹುಡುಕಬಹುದು. ವಿಶ್ವಕೋಶ ಕೇಳುವುದೇ ಬೇರೆ: ಸಂಸ್ಥೆಗೆ ಸಂಬಂಧವಿಲ್ಲದವರು ಅದರ ಬಗ್ಗೆ ವಿವರವಾಗಿ ಬರೆದಿದ್ದಾರೆಯೇ? ಮೂರೂ ತುಣುಕುಗಳ ವಾಕ್ಯಗಳು ಒಂದೇ ಆಗಿದ್ದರೆ ಅದು ಬಹುಪಾಲು ಸಂಸ್ಥೆಯೇ ಕಳಿಸಿದ ಪ್ರಕಟಣೆ. ಲೆಕ್ಕಕ್ಕೆ ಬಾರದು.

ಆಕರಗಳನ್ನು ತೆರೆದೇ ನೋಡಬೇಕು. ಪೋರ್ಚುಗೀಸರಿಗೂ ಮರಾಠರಿಗೂ ನಡೆಯಿತೆನ್ನಲಾದ ‘ಬಿಚೋಲಿಂ ಸಂಘರ್ಷ’ದ ಲೇಖನ 2007ರಿಂದ 2012ರವರೆಗೆ ಇಂಗ್ಲಿಷ್ ವಿಕಿಪೀಡಿಯದಲ್ಲಿತ್ತು, ‘ಉತ್ತಮ ಲೇಖನ’ವೆಂಬ ಮುದ್ರೆಯೂ ಬಿದ್ದಿತ್ತು. ಕೊನೆಗೆ ಹುಡುಕಿದರೆ ಯುದ್ಧವೂ ಕಟ್ಟುಕಥೆ, ಉಲ್ಲೇಖಿಸಿದ ಪುಸ್ತಕಗಳಿಗೂ ಪತ್ತೆಯಿಲ್ಲ.

ಪ್ರಶ್ನೆ ಕೇಳಿದವರು ಟ್ರಸ್ಟಿನ ಸದಸ್ಯರೇ ಆಗಿದ್ದರೆ, ಆ ಸಂಬಂಧವನ್ನು ಮೊದಲೇ ತಿಳಿಸಿ, ಕರಡನ್ನು ಇತರ ಸಂಪಾದಕರ ಪರಿಶೀಲನೆಗೆ ಬಿಡುವುದು ಒಳಿತು.