ತೋಟದಲ್ಲೇ ಕರೆಂಟು, ಒಟ್ಟಾಗಿ ಮಾರಾಟ

ಲೈನಿನ ಕೊನೆಯಲ್ಲಿ ತೋಟ ಇರುವವರಿಗೆ ಲೋ ವೋಲ್ಟೇಜ್ ಹೊಸದಲ್ಲ. ನನ್ನದೂ ಅಂಥದ್ದೇ ಜಾಗ. ಸ್ಪ್ರಿಂಕ್ಲರ್ ಪೈಪಿನ ತುದಿಯ ಜೆಟ್ ಸೊರಗುತ್ತದಲ್ಲ, ಹಾಗೇ ಇದು. ಟ್ರಾನ್ಸ್‌ಫಾರ್ಮರಿನಿಂದ ದೂರ ಹೋದಂತೆ, ನಡುವೆ ಮೋಟಾರು ಹೆಚ್ಚಿದಂತೆ ವೋಲ್ಟೇಜ್ ಇಳಿಯುತ್ತದೆ. ಆಗ ಮೋಟಾರು ಹೆಚ್ಚು ಆಂಪಿಯರ್ ಎಳೆದು ಬಿಸಿಯಾಗುತ್ತದೆ, ಕೊನೆಗೆ ಕಾಯಿಲ್ ಸುಡುತ್ತದೆ.

ತುದಿಯಲ್ಲೇ ಒಂದಷ್ಟು ವಿದ್ಯುತ್ ಹುಟ್ಟಿದರೆ? ಅಷ್ಟು ಕರೆಂಟು ದೂರದಿಂದ ಬರಬೇಕಿಲ್ಲ. ವಯರಿನಲ್ಲಿ ಆಗುವ ನಷ್ಟವೂ ಉಳಿಯುತ್ತದೆ, ಹಗಲು ವೋಲ್ಟೇಜೂ ಸುಧಾರಿಸುತ್ತದೆ.

ಗುಜರಾತಿನ ಖೇಡಾ ಜಿಲ್ಲೆಯ ಢುಂಡಿ ಎಂಬ ಹಳ್ಳಿಯಲ್ಲಿ ಆರು ಮಂದಿ ಕೃಷಿಕರು ಇದನ್ನು ಸಹಕಾರ ಸಂಘ ಕಟ್ಟಿ ಮಾಡಿದರು. ಅಂತಾರಾಷ್ಟ್ರೀಯ ನೀರು ನಿರ್ವಹಣಾ ಸಂಸ್ಥೆ ನೆರವಾಯಿತು. ಅವರವರ ಹೊಲದಲ್ಲಿ ಅವರವರ ಸೋಲಾರ್ ಪಂಪು. ನೀರು ಹಾಯಿಸಿ ಮಿಕ್ಕಿದ ಕರೆಂಟು ಒಂದೇ ಕಡೆ ಸೇರಿ, ಒಂದೇ ಮೀಟರಿನ ಮೂಲಕ ಸರಕಾರಿ ಲೈನಿಗೆ ಹೋಗುತ್ತದೆ. 2016ರಲ್ಲಿ ಮಾರಾಟ ಶುರುವಾಯಿತು. ಒಪ್ಪಂದ 25 ವರ್ಷಕ್ಕೆ, ಯೂನಿಟ್ಟಿಗೆ 4 ರೂ. 63 ಪೈಸೆ.

ಒಟ್ಟಾಗಿ ಯಾಕೆ? ಹತ್ತಿಪ್ಪತ್ತು ಯೂನಿಟ್ ಮಾರುವವನ ಮನೆಮನೆಗೆ ಹೋಗಿ ಮೀಟರ್ ಓದಿ ಹಣ ಕೊಡುವುದು ಕಂಪೆನಿಗೆ ಗಿಟ್ಟುವುದಿಲ್ಲ. ಹಾಲಿನ ಡೈರಿಯ ಕ್ರಮ ನೋಡಿ. ಎರಡು ಲೀಟರ್ ಹಾಕುವವನ ಲೆಕ್ಕ ಸಂಘ ಇಡುತ್ತದೆ, ಲಾರಿ ಬರುವುದು ಸಂಘಕ್ಕೆ. ಅಮುಲ್ ಹುಟ್ಟಿದ್ದು ಇದೇ ಖೇಡಾ ಸೀಮೆಯಲ್ಲಿ.

ಲೆಕ್ಕ ಹಾಕೋಣ. ಒಳ್ಳೆ ಬಿಸಿಲಿಗೆ 5 ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸುಮಾರು 20 ಯೂನಿಟ್ ಕೊಡುತ್ತದೆ. 5 ಎಚ್‌ಪಿ ಮೋಟಾರು ಗಂಟೆಗೆ ನಾಲ್ಕೂವರೆ ಯೂನಿಟ್ ತಿನ್ನುತ್ತದೆ ಎನ್ನಿ. ಮೂರು ಗಂಟೆ ಓಡಿಸಿದರೆ ಮಿಗುವುದು ಆರೇಳು ಯೂನಿಟ್, ಢುಂಡಿಯ ದರದಲ್ಲಿ ಸುಮಾರು 30 ರೂಪಾಯಿ. ಓಡಿಸದ ದಿನ ಪೂರಾ 20 ಯೂನಿಟ್ ಮಾರಾಟಕ್ಕೆ, 92 ರೂಪಾಯಿ. ಲೈನಿಗೆ ಜೋಡಿಸದ ಒಂಟಿ ಸೋಲಾರ್ ಪಂಪಿನಲ್ಲಿ ಈ ಬಿಸಿಲೆಲ್ಲ ದಂಡ.

ನನಗೆ ಮುಖ್ಯ ಅನಿಸಿದ್ದು ಬೋರಿನ ವಿಚಾರ. ನಮ್ಮ ರಾಜ್ಯದಲ್ಲಿ 10 ಎಚ್‌ಪಿವರೆಗಿನ ಪಂಪಿಗೆ ಬಿಲ್ಲಿಲ್ಲ. ಒಂದು ಗಂಟೆ ಜಾಸ್ತಿ ಓಡಿದರೂ ಯಾರ ಕಿಸೆಗೂ ತಾಗುವುದಿಲ್ಲ, ತಾಗುವುದು ಅಂತರ್ಜಲಕ್ಕೆ. ಕರೆಂಟು ಮಾರುವವನಿಗೆ ಅದೇ ಗಂಟೆ 20 ರೂಪಾಯಿ. ಅಂವ ಸ್ವಿಚ್ಚು ಹಾಕುವ ಮೊದಲು ಮಣ್ಣು ಮುಟ್ಟಿ ನೋಡ್ತಾನೆ. ಮಾರುವ ದರ ತೀರಾ ಕಮ್ಮಿಯಾದರೆ ಈ ಗುಣವೂ ಇಲ್ಲ.

ಮಿತಿಗಳೂ ಇವೆ. ರಾತ್ರಿ ಉತ್ಪಾದನೆ ಇಲ್ಲ, ಮಳೆಗಾಲದಲ್ಲಿ ಕಮ್ಮಿ. ಲೈನಿನಲ್ಲಿ ಕರೆಂಟು ಹೋದರೆ ಇಂತಹ ಇನ್ವರ್ಟರ್ ಲೈನಿಗೆ ಕೊಡುವುದನ್ನು ನಿಲ್ಲಿಸಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮ್ಯಾನಿನ ಜೀವಕ್ಕೇ ಅಪಾಯ.

2019ರ ಪಿಎಂ-ಕುಸುಮ್ ಯೋಜನೆಯಲ್ಲಿ ಲೈನಿಗೆ ಜೋಡಿಸುವ ಪಂಪಿಗೂ ಅವಕಾಶ ಕೊಟ್ಟರು. ಮುಂದೆ ಯಾವ ಯೋಜನೆ ಬಂದರೂ ಸಹಿ ಹಾಕುವ ಮೊದಲು ಕೇಳಿ: ದರ ಎಷ್ಟು, ಎಷ್ಟು ವರ್ಷ? ಹಣ ಯಾವ ತಿಂಗಳು ಕೈಗೆ? ಲೈನು ಸತ್ತಾಗ ಪಂಪು ಬಿಸಿಲಲ್ಲಿ ಓಡುತ್ತದೆಯೇ? ಇನ್ವರ್ಟರ್ ಕೆಟ್ಟರೆ ಯಾರು ಬರುತ್ತಾರೆ? ಒಬ್ಬರೇ ಕೇಳುವುದಕ್ಕಿಂತ ಒಂದೇ ಟ್ರಾನ್ಸ್‌ಫಾರ್ಮರಿನ ಐದಾರು ಮನೆಯವರು ಸೇರಿ ಕೇಳುವುದು ಒಳ್ಳೆಯದು.