ಬಿಲ್ಲು ಬಿಟ್ಟು ಕ್ರಾಸ್‌ಬೋ ಹಿಡಿಯುವ ಮುನ್ನ

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಸೆಪ್ಟೆಂಬರ್ ಮಧ್ಯಕ್ಕೆ ಬಿಲ್ಲು ಬೇಟೆಯ ಋತು ಶುರುವಾಗುತ್ತದೆ. ವರ್ಷಗಟ್ಟಲೆ ಮರದ ಬಿಲ್ಲಿನಲ್ಲೇ ಬಿಳಿಬಾಲದ ಜಿಂಕೆಯ ಬೇಟೆಯಾಡಿದವರಿಗೂ ವಯಸ್ಸಾದಂತೆ ಹೆಗಲು ಕೈಕೊಡುತ್ತದೆ. 50 ಪೌಂಡ್ ಬಿಗಿಯ ಹೆದೆಯನ್ನು ಕೆನ್ನೆಯವರೆಗೆ ಎಳೆದು ಹಿಡಿದಾಗ ತೋಳು ನಡುಗಿದರೆ ಬಾಣ ಗುರಿ ತಪ್ಪುತ್ತದೆ, ಗಾಯಗೊಂಡ ಪ್ರಾಣಿ ನರಳುತ್ತದೆ. ಅಂಥವರಿಗೆ, ಎಳೆದ ಹೆದೆಯನ್ನು ಕೊಂಡಿಯೇ ಹಿಡಿದಿಡುವ ಕ್ರಾಸ್‌ಬೋ ಒಳ್ಳೆಯ ದಾರಿ. ಅಲ್ಲಿ ನೆಲೆಸಿ ಬೇಟೆಯ ಪರವಾನಗಿ ಪಡೆದ ಕನ್ನಡಿಗರಿಗೂ ಈ ಮಾಹಿತಿ ಉಪಯೋಗವಾದೀತು. ಭಾರತದಲ್ಲಿ ಮಾತ್ರ ಯಾವ ಆಯುಧ ಹಿಡಿದರೂ ಜಿಂಕೆ ಬೇಟೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

1. ಮೊದಲು ನಿಯಮ ಓದಿ

ಒಂದೊಂದು ರಾಜ್ಯದ ನಿಯಮ ಒಂದೊಂದು ತೆರ. ವಿಸ್ಕಾನ್ಸಿನ್ 2014ರಲ್ಲಿ ಕ್ರಾಸ್‌ಬೋಗೆಂದೇ ಪ್ರತ್ಯೇಕ ಋತು ತೆರೆಯಿತು. ಒರೆಗಾನ್ ರಾಜ್ಯ ಕ್ರಾಸ್‌ಬೋ ಬೇಟೆಯನ್ನು ಒಪ್ಪುವುದಿಲ್ಲ. ನಿಮ್ಮ ಹಳೆಯ ಬಿಲ್ಲಿನ ಪರವಾನಗಿ ಸಾಲುತ್ತದೆಯೇ, ಬೇರೆಯದು ಬೇಕೇ ಎಂದು ವನ್ಯಜೀವಿ ಇಲಾಖೆಯ ಆ ವರ್ಷದ ಕೈಪಿಡಿಯಲ್ಲೇ ನೋಡಿಕೊಳ್ಳಿ.

2. ಹಿಡಿದು ನೋಡಿ ಕೊಳ್ಳಿ

ಕ್ರಾಸ್‌ಬೋದ ಬಿಗಿ 150ರಿಂದ 200 ಪೌಂಡ್ ಇರುವುದು ಸಾಮಾನ್ಯ. ಹೆದೆ ಹಿಂದಕ್ಕೆ ಚಲಿಸುವ ದೂರ ಕಡಿಮೆಯಾದ್ದರಿಂದ ಅಷ್ಟು ಬಲ ಬೇಕೇ ಬೇಕು. ಬರಿಗೈಯಲ್ಲಿ ಎಳೆಯಲು ಹೋಗಬೇಡಿ. ಕೊಕ್ಕೆಯಿರುವ ಎಳೆಹಗ್ಗ ಅರ್ಧದಷ್ಟು ಭಾರ ಇಳಿಸುತ್ತದೆ. ಹೆಗಲು ತೀರಾ ಸೋತಿದ್ದರೆ ಕೈಯಿಂದ ತಿರುಗಿಸುವ ಕ್ರ್ಯಾಂಕ್ ಇರುವುದನ್ನು ಆರಿಸಿ. ಮೂರು ಕಿಲೋ ಆಸುಪಾಸು ತೂಗುವ ಕ್ರಾಸ್‌ಬೋವನ್ನು ಹೆಗಲಿಗಾನಿಸಿ ಎರಡು ನಿಮಿಷ ಹಿಡಿದು ನೋಡಿದ ಮೇಲೆಯೇ ದುಡ್ಡು ಕೊಡಿ.

3. ಹೆದೆ ನಡುಮಧ್ಯಕ್ಕೆ ಬರಲಿ

ಮುಂದಿನ ರಿಕಾಪಿಗೆ ಪಾದ ಕೊಟ್ಟು ನೆಲಕ್ಕೆ ಒತ್ತಿ ಹಿಡಿಯಿರಿ. ಎರಡೂ ಕೈಯಲ್ಲಿ ಹಗ್ಗವನ್ನು ಸಮನಾಗಿ ಎಳೆಯಿರಿ. ಕೊಂಡಿ 'ಟಕ್' ಎಂದು ಕಚ್ಚಿಕೊಳ್ಳಬೇಕು. ಹೆದೆ ಒಂದು ಕಡೆಗೆ ಕೂದಲೆಳೆಯಷ್ಟು ಜಾರಿದ್ದರೂ ಬಾಣ ಪಕ್ಕಕ್ಕೆ ಸರಿಯುತ್ತದೆ. ಹೆದೆ ಸಡಿಲವಿರುವಾಗಲೇ ಬಾಣ ಕೂರುವ ಹಳಿಯ ಎರಡೂ ಅಂಚಿಗೆ ಸರಿಯಾಗಿ ಹೆದೆಯ ಮೇಲೆ ಗುರುತು ಹಾಕಿಟ್ಟರೆ, ಪ್ರತಿ ಸಲವೂ ಸರಿಯಾಗಿ ಕೂತಿದೆಯೇ ಎಂದು ಕಣ್ಣಿಗೇ ಕಾಣುತ್ತದೆ.

4. ಬೆರಳು ಉಳಿಸಿಕೊಳ್ಳಿ

ಮರದ ಬಿಲ್ಲು ಹಿಡಿದು ರೂಢಿಯಾದವರು ಎಡವುವುದು ಇಲ್ಲೇ. ಮುಂದಿನ ಕೈಯ ಹೆಬ್ಬೆರಳು ತನಗೆ ತಾನೇ ಮೇಲಕ್ಕೆ ಬಂದು ಹಳಿಯ ಮೇಲೆ ಕೂರುತ್ತದೆ. ಬಿಟ್ಟ ಹೆದೆ ಆ ಹಳಿಯ ಮೇಲೇ ಹಾಯುವುದರಿಂದ ಬೆರಳಿನ ತುದಿಯೇ ಹಾರಿಹೋಗಬಹುದು. ಹೆಬ್ಬೆರಳು ಸದಾ ಹಳಿಯ ಕೆಳಗಿರಲಿ. ಬಾಣವಿಲ್ಲದೆ ಹೆದೆ ಬಿಡಬೇಡಿ. ಬಾಣ ಹೊತ್ತೊಯ್ಯಬೇಕಾದ ಬಲವೆಲ್ಲ ಬಿಲ್ಲಿನ ತೋಳುಗಳಿಗೇ ಬಡಿದು ಅವು ಸೀಳುತ್ತವೆ. ಬಾಣದ ಹಿಂತುದಿಯ ಕಚ್ಚು ನಿಮ್ಮ ಬಿಲ್ಲಿಗೆ ಹೇಳಿದ ಬಗೆಯದೇ ಆಗಿರಲಿ, ತೂಕವೂ ಹೇಳಿದ್ದಕ್ಕಿಂತ ಕಡಿಮೆ ಬೇಡ.

5. ದೂರದ ಆಸೆ ಬಿಡಿ

ಮರದ ಬಿಲ್ಲಿನಲ್ಲಿ 20 ಗಜಕ್ಕೆ ನಿಲ್ಲುತ್ತಿದ್ದವರಿಗೆ ಕ್ರಾಸ್‌ಬೋ ಮೇಲಿನ ದುರ್ಬೀನು ಕಂಡೊಡನೆ 60 ಗಜದ ಆಸೆ ಹುಟ್ಟುತ್ತದೆ. ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ 350 ಅಡಿ ಹಾರುವ ಬಾಣ 40 ಗಜ ಮುಟ್ಟಲು ಸೆಕೆಂಡಿನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ಹಿಡಿಯುತ್ತದೆ. ಹೆದೆಯ ಸದ್ದು ಅದಕ್ಕಿಂತ ಮೂರು ಪಟ್ಟು ವೇಗವಾಗಿ ಹೋಗಿ ಜಿಂಕೆಯ ಕಿವಿಗೆ ಬೀಳುತ್ತದೆ. ಬೆಚ್ಚಿದ ಜಿಂಕೆ ನೆಗೆಯಲೆಂದು ಮೊದಲು ಮೈ ತಗ್ಗಿಸುತ್ತದೆ. ಎದೆಗೆ ಇಟ್ಟ ಗುರಿ ಬೆನ್ನಿಗೆ ತಾಗುವುದು ಹೀಗೆ. ಆದ್ದರಿಂದ 30 ಗಜವನ್ನೇ ಗಡಿ ಮಾಡಿಕೊಳ್ಳಿ. ಮೊದಲು 20 ಗಜಕ್ಕೆ ದುರ್ಬೀನು ಹೊಂದಿಸಿ, ಬೇಟೆಗೆ ಒಯ್ಯುವ ತೂಕದ ಬಾಣದಲ್ಲೇ ಅಭ್ಯಾಸ ಮಾಡಿ.

6. ಅಟ್ಟಣೆಯಲ್ಲಿ

ಮರದ ಅಟ್ಟಣೆ ಹತ್ತಲು ನೆಲದಿಂದ ಕಾಲು ತೆಗೆಯುವ ಮುಂಚೆಯೇ, ಬೀಳದಂತೆ ತಡೆಯುವ ಮೈಪಟ್ಟಿ ಕಟ್ಟಿಕೊಳ್ಳಿ. ಕ್ರಾಸ್‌ಬೋವನ್ನು ಹೊತ್ತು ಹತ್ತಬೇಡಿ. ಹಳಿಯಲ್ಲಿ ಬಾಣವಿಲ್ಲದೆ, ಮೂತಿ ನೆಲದ ಕಡೆಗಿರುವಂತೆ ಹಗ್ಗ ಕಟ್ಟಿ, ಮೇಲೆ ಕೂತಾದ ನಂತರ ಎಳೆದುಕೊಳ್ಳಿ. ಬಿಲ್ಲಿನ ತೋಳುಗಳು ಚಿಮ್ಮುವಾಗ ಕೊಂಬೆಗೋ ಕಂಬಿಗೋ ತಗಲಬಾರದು. ಸುತ್ತ ತಿರುಗಿಸಿ ನೋಡಿ. ಜಿಂಕೆ ಪಕ್ಕೆ ತೋರಿಸಿ ನಿಂತಾಗ, ಮುಂಗಾಲಿನ ಹಿಂದೆ ಶ್ವಾಸಕೋಶಕ್ಕೆ ಗುರಿಯಿಡಿ. ಎದುರುಮುಖವಾಗಿದ್ದರೆ ಕಾಯಿರಿ.

7. ಬಾಣ ಬಿಟ್ಟ ಮೇಲೆ

ಜಿಂಕೆ ನಿಂತಿದ್ದ ಜಾಗ, ಓಡಿದ ದಿಕ್ಕು ನೆನಪಿಟ್ಟು ಅರ್ಧ ಗಂಟೆ ಸುಮ್ಮನಿರಿ. ಹೊಟ್ಟೆಗೆ ಬಿದ್ದ ಅನುಮಾನವಿದ್ದರೆ ಹಲವು ಗಂಟೆ ಕಾಯಬೇಕು; ಬೆನ್ನಟ್ಟಿದರೆ ಅದು ಸಿಗದಷ್ಟು ದೂರ ಓಡುತ್ತದೆ. ವಿಸ್ಕಾನ್ಸಿನ್‌ನ ಜಿಂಕೆಗಳಲ್ಲಿ 2002ರಲ್ಲಿ ಸಿಡಬ್ಲ್ಯುಡಿ ಎಂಬ ಮಿದುಳಿನ ರೋಗ ಪತ್ತೆಯಾಗಿದೆ. ಆದ್ದರಿಂದ ಸಿಕ್ಕ ಜಿಂಕೆಯನ್ನು ಪರೀಕ್ಷೆ ಮಾಡಿಸಿ, ರೋಗವಿದೆ ಎಂದು ಬಂದರೆ ಮಾಂಸ ತಿನ್ನಬೇಡಿ. ದಿನದ ಕೊನೆಗೆ ಅಭ್ಯಾಸದ ಬಾಣವೊಂದನ್ನು ಗುರಿಹಲಗೆಗೆ ಬಿಟ್ಟು ಹೆದೆ ಇಳಿಸಿ. ಹೆದೆಯೇರಿಸಿದ ಬಿಲ್ಲು ಕಾರಿನೊಳಗೆ ಬರಕೂಡದು.

ಋತುವಿಗೆ ಎರಡು ತಿಂಗಳು ಮುಂಚೆಯೇ ಅಭ್ಯಾಸ ಶುರುಮಾಡಿ. 30 ಗಜದಲ್ಲಿ ಅಂಗೈಯಗಲದ ಗುರಿಗೆ ಐದಕ್ಕೆ ಐದೂ ಬಾಣ ಬೀಳುವವರೆಗೆ ಕಾಡಿಗೆ ಹೋಗಬೇಡಿ. ಆ ಜಿಂಕೆಗೆ ನೀವು ಸಲ್ಲಿಸಬೇಕಾದ ಮೊದಲ ಮರ್ಯಾದೆ ಅದು.